ಅನಿಲ ಇದ್ದೂ ತಾರೆ ಹುಟ್ಟದ ಗೆಲಾಕ್ಸಿಗಳು

ಮೇ ತಿಂಗಳ ನಡುವೆ ರಾತ್ರಿ ಹತ್ತರ ಸುಮಾರಿಗೆ ಇಂಡಿ ಸೀಮೆಯ ಹೊರ್ತಿಯಿಂದ ತೆಂಕಣ ಆಕಾಶದಲ್ಲಿ, ದಿಗಂತದಿಂದ 30 ಡಿಗ್ರಿಯಷ್ಟು ಮೇಲೆ, ಸೆಂಟಾರಸ್ ಎ ಎಂಬ ಗೆಲಾಕ್ಸಿ ಇರುತ್ತದೆ. ಬೈನಾಕ್ಯುಲರ್ ಹಿಡಿದರೆ ಮಸುಕಾದೊಂದು ಮಚ್ಚೆ, ಅಷ್ಟೇ. ಸುಮಾರು 1.2 ಕೋಟಿ ಜ್ಯೋತಿರ್ವರ್ಷ ದೂರದ ಇದು ಭಾರಿ ಗಾತ್ರದ ಮುದಿ ಗೆಲಾಕ್ಸಿಗಳ ಪೈಕಿ ನಮಗೆ ತೀರ ಹತ್ತಿರದ್ದು. ಇಂಥವುಗಳಲ್ಲಿ ಬಹುಪಾಲು ತಾರೆಗಳು ಹಳೆಯವು. ಅನಿಲ ಮುಗಿದದ್ದರಿಂದ ಹೊಸ ತಾರೆಗಳ ಹುಟ್ಟು ನಿಂತಿತು ಎಂಬುದು ರೂಢಿಯ ವಿವರಣೆ. ಇದು ಅರ್ಧ ಸತ್ಯ. ಕ್ಷ-ಕಿರಣ ದೂರದರ್ಶಕಗಳಿಗೆ ಈ ಗೆಲಾಕ್ಸಿಗಳ ಸುತ್ತ ಕೋಟಿ ಡಿಗ್ರಿಯ ಆಸುಪಾಸಿನಲ್ಲಿ ಕುದಿಯುವ ಅನಿಲ ಧಾರಾಳವಾಗಿ ಕಾಣುತ್ತದೆ. ತಾರೆ ಕಟ್ಟಬೇಕಾದರೆ ಅದೇ ಅನಿಲ ಸೊನ್ನೆಗಿಂತ 250 ಡಿಗ್ರಿಗೂ ಕೆಳಗೆ ತಣಿಯಬೇಕು. ಮೋಡ ಕವಿದ ಮಾತ್ರಕ್ಕೆ ಮಳೆ ಬಂದಂತಲ್ಲ ಎಂಬುದನ್ನು ಇಂಡಿ, ಸಿಂದಗಿ ಸೀಮೆಯವರಿಗೆ ಯಾರೂ ಕಲಿಸಬೇಕಿಲ್ಲ. ಈ ಗೆಲಾಕ್ಸಿಗಳಲ್ಲಿ ಅನಿಲವನ್ನು ಕಾಯಿಸಿ ತಣಿಯಲು ಬಿಡದಿರುವುದು ಗೆಲಾಕ್ಸಿಯ ನಡುವಿನ ಕಪ್ಪುಕುಳಿ. ಪರ್ಸಿಯಸ್ ಗೆಲಾಕ್ಸಿ ಗುಚ್ಛದ ಎನ್‌ಜಿಸಿ 1275ರಲ್ಲಿ ಕಪ್ಪುಕುಳಿಯಿಂದ ಚಿಮ್ಮಿದ ಧಾರೆಗಳು ಬಿಸಿ ಅನಿಲದೊಳಗೆ ಕೊರೆದಿರುವ ದೊಡ್ಡ ಗುಳ್ಳೆಗಳನ್ನು ಚಂದ್ರ ಕ್ಷ-ಕಿರಣ ದೂರದರ್ಶಕ ತೋರಿಸಿದೆ.

ಹಾಗಿದ್ದರೂ ತಣ್ಣನೆಯ ಅನಿಲ ಪೂರ್ತಿ ಇಲ್ಲವಾಗಿಲ್ಲ. ಅಟ್ಲಾಸ್ 3ಡಿ ಎಂಬ ಸಮೀಕ್ಷೆ ನೆರೆಹೊರೆಯ 260 ಮುದಿ ಗೆಲಾಕ್ಸಿಗಳನ್ನು ಜಾಲಾಡಿದಾಗ ಐದರಲ್ಲೊಂದಕ್ಕಿಂತ ತುಸು ಹೆಚ್ಚಿನವುಗಳಲ್ಲಿ ಕಾರ್ಬನ್ ಮಾನಾಕ್ಸೈಡಿನ ಗುರುತು, ಅಂದರೆ ತಾರೆ ಕಟ್ಟಬಲ್ಲ ತಣ್ಣನೆಯ ಅನಿಲ, ಸಿಕ್ಕಿತು. ಹಲವು ಕಡೆ ಆ ಅನಿಲ ತಾರೆಗಳು ಸುತ್ತುವ ದಿಕ್ಕಿಗೆ ಸುತ್ತುವುದೇ ಇಲ್ಲ. ಮನೆಯಲ್ಲೇ ಹುಟ್ಟಿದ್ದಾದರೆ ತಾರೆಗಳ ಜತೆಗೇ ಸುತ್ತಬೇಕಿತ್ತು. ಆದ್ದರಿಂದ ಅದು ಹೊರಗಿನಿಂದ, ಬಹುಶಃ ನುಂಗಿದ ಚಿಕ್ಕ ಗೆಲಾಕ್ಸಿಯಿಂದ ಬಂದದ್ದು. ಸೆಂಟಾರಸ್ ಎ ಗೆಲಾಕ್ಸಿಯನ್ನು ಅಡ್ಡ ಸೀಳಿದಂತಿರುವ ಕಪ್ಪು ದೂಳುಪಟ್ಟಿಯೂ ಅಂಥದೇ ಊಟದ ಉಳಿಕೆ.

ಈ ತಣ್ಣನೆಯ ಅನಿಲದಿಂದ ಹೊಸ ತಾರೆಗಳು ಹುಟ್ಟುತ್ತಿವೆ ಎಂಬುದಕ್ಕೆ ಆಕ್ಷೇಪವೊಂದಿದೆ, ಗಟ್ಟಿಯಾದದ್ದೇ. ಹೊಸ ತಾರೆಗಳ ಸಾಕ್ಷಿಯೆಂದು ನೇರಳಾತೀತ ಬೆಳಕನ್ನು ತೋರಿಸುತ್ತಾರೆ. ಆದರೆ 1968ರಲ್ಲಿ ಹಾರಿದ ಓಎಓ-2 ಉಪಗ್ರಹ ಮುದಿ ತಾರೆಗಳ ನೆಲೆಗಳಲ್ಲೂ ಈ ಬೆಳಕನ್ನು ಕಂಡಿತ್ತು; ಹೀಲಿಯಂ ಉರಿಸುವ ಕೆಲವು ಮುದಿ ತಾರೆಗಳೂ ಅದನ್ನು ಚೆಲ್ಲುತ್ತವೆ ಎಂಬುದು ಆಮೇಲೆ ಗೊತ್ತಾಯಿತು. ಉತ್ತರ ಸಿಗುವುದು ಬೆಳಕು ಎಷ್ಟಿದೆ ಎಂಬುದರಲ್ಲಲ್ಲ, ಎಲ್ಲಿದೆ ಎಂಬುದರಲ್ಲಿ. ಮುದಿ ತಾರೆಗಳ ಬೆಳಕು ಗೆಲಾಕ್ಸಿಯ ಉದ್ದಗಲಕ್ಕೂ ನಯವಾಗಿ ಹರಡಿರುತ್ತದೆ. ಎಳೆಯವು ತಣ್ಣನೆಯ ಅನಿಲವಿರುವಲ್ಲಿ ಗುಂಪು ಕಟ್ಟುತ್ತವೆ. ಈ ವ್ಯತ್ಯಾಸ ಕಾಣಲು ಚೂಪು ಕಣ್ಣು ಬೇಕು. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ ಹೊಸಕೋಟೆಯ ತನ್ನ ಕೇಂದ್ರದಲ್ಲಿ ಜೋಡಿಸಿದ, 2015ರ ಸೆಪ್ಟೆಂಬರ್ 28ರಂದು ಆಸ್ಟ್ರೋಸ್ಯಾಟ್ ಉಪಗ್ರಹದ ಜತೆ ಹಾರಿದ ನೇರಳಾತೀತ ದೂರದರ್ಶಕದ ಚೂಪು ಅದಕ್ಕೂ ಹಿಂದಿನ ಗೇಲೆಕ್ಸ್ ಎಂಬ ನೇರಳಾತೀತ ದೂರದರ್ಶಕಕ್ಕಿಂತ ಮೂರು ಪಟ್ಟು ಹೆಚ್ಚು. ಸೆಂಟಾರಸ್ ಎ ಗೆಲಾಕ್ಸಿಯ ಉತ್ತರ ಅಂಚಿನಲ್ಲಿ, ಕಪ್ಪುಕುಳಿಯ ಧಾರೆ ಸಾಗುವ ಕಡೆಗೇ, ಅದು ಎಳೆಯ ತಾರೆಗಳ ಗುಂಪುಗಳನ್ನು ಬಿಡಿಬಿಡಿಯಾಗಿ ಹಿಡಿಯಿತು.

ಹಾಗಾದರೆ ಈ ಗೆಲಾಕ್ಸಿಗಳನ್ನು ಮುದಿ ಎನ್ನುವುದೇಕೆ? ತೂಕದಲ್ಲಿ ಹೊಸ ತಾರೆಗಳ ಪಾಲು ಸಾಮಾನ್ಯವಾಗಿ ಶೇಕಡಾ ಒಂದೆರಡನ್ನು ದಾಟದು. ಉಳಿದ ತಾರೆಗಳಲ್ಲಿ ಕಬ್ಬಿಣಕ್ಕೆ ಹೋಲಿಸಿದರೆ ಮೆಗ್ನೀಸಿಯಂ ಹೆಚ್ಚು. ಮೆಗ್ನೀಸಿಯಂ ಬೇಗ ಸಿಡಿಯುವ ಭಾರಿ ತಾರೆಗಳ ಕೊಡುಗೆ. ಬಹುಪಾಲು ಕಬ್ಬಿಣ ತಡವಾಗಿ ಸಿಡಿಯುವ ಶ್ವೇತಕುಬ್ಜಗಳದು. ಆ ಕಬ್ಬಿಣ ಬೆರೆಯುವ ಮುನ್ನವೇ ಈ ಗೆಲಾಕ್ಸಿಗಳಲ್ಲಿ ತಾರೆಗಳ ದೊಡ್ಡ ಹೆರಿಗೆ ಮುಗಿದಿತ್ತು. ಕುತೂಹಲವೆಂದರೆ, ಒಂದೆಡೆ ಅನಿಲವನ್ನು ಕಾಯಿಸಿ ತಾರೆಗಳ ಹುಟ್ಟನ್ನು ತಡೆಯುವ ಧಾರೆಯೇ ಇನ್ನೊಂದೆಡೆ ತಣ್ಣನೆಯ ಅನಿಲವನ್ನು ಅದುಮಿ ತಾರೆ ಹುಟ್ಟಿಸುತ್ತಿದೆ. ಆದರೂ ಸೆಂಟಾರಸ್ ಎ ಅಂಚಿನಲ್ಲಿ ಹುಟ್ಟಿದವು ತೀರ ಸಣ್ಣ ಪಾಲು. ಒಟ್ಟು ಲೆಕ್ಕದಲ್ಲಿ ಕಾಯಿಸುವ ಕೆಲಸದ್ದೇ ಮೇಲುಗೈ.