ವೈರಿಂಗ್ ವರದಿ ಬರೆಯಲು ಯಾವ ಸಾಫ್ಟ್‌ವೇರ್ ಲೇಸು?



ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯನ್ನು ನೋಡದವರು ನಮ್ಮ ದೊಡ್ಡಬಳ್ಳಾಪುರ ಸೀಮೆಯಲ್ಲಿ ವಿರಳ. ಪುಷ್ಯ ಶುದ್ಧ ಷಷ್ಠಿಯ ರಥೋತ್ಸವದ ಸುಮಾರಿಗೆ ಸೇರುವ ಈ ಜಾತ್ರೆಯಲ್ಲಿ ಹಳ್ಳಿಕಾರ್ ಎತ್ತಿನ ಜೋಡಿಗಳನ್ನು ಸಾಲುಸಾಲಾಗಿ ಗೂಟಕ್ಕೆ ಕಟ್ಟಿರುತ್ತಾರೆ. ಮೇಲೆ ಚಪ್ಪರ, ಚಪ್ಪರಕ್ಕೆ ದೀಪ. ಆ ದೀಪದ ತಂತಿ ಎಲ್ಲಿಯಾದರೂ ಸವೆದು ಒದ್ದೆ ನೆಲಕ್ಕೆ ತಾಗಿತೆನ್ನಿ. ಆಗ ಪಕ್ಕದಲ್ಲಿ ನಿಂತ ಮನುಷ್ಯನಿಗಿಂತಲೂ ಎತ್ತಿಗೆ ಅಪಾಯ ಹೆಚ್ಚು. ಎತ್ತಿನ ಮುಂಗಾಲಿಗೂ ಹಿಂಗಾಲಿಗೂ ನಡುವೆ ಅಂತರ ದೊಡ್ಡದು. ನೆಲದಲ್ಲಿ ಹರಡಿದ ವಿದ್ಯುತ್ತಿನ ಒತ್ತಡವು ಆ ಅಂತರಕ್ಕೆ ತಕ್ಕಂತೆ ಹೆಚ್ಚಿ, ಕರೆಂಟು ಎದೆಯ ಮೂಲಕ ಹಾಯುತ್ತದೆ. ವರುಷಗಟ್ಟಲೆ ಸಾಕಿದ ಎತ್ತು ನಿಮಿಷದಲ್ಲಿ ಹೋಗುತ್ತದೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬ ಗಾದೆ ಸುಳ್ಳಲ್ಲ.

ಇಂಥ ದೋಷವನ್ನು ಕರೆಂಟು ಹರಿಸುವ ಮೊದಲೇ ಹಿಡಿಯುವುದಕ್ಕೆಂದು ಇರುವುದೇ ವೈರಿಂಗ್ ಪೂರ್ಣತಾ ವರದಿ. ಇಂದು ಈ ವರದಿಯನ್ನು ಕೈಯಲ್ಲಿ ಬರೆಯುವವರು ಕಡಿಮೆಯಾಗುತ್ತಿದ್ದಾರೆ. ಕಂಪ್ಯೂಟರಿನಲ್ಲಿಯೋ ಮೊಬೈಲಿನಲ್ಲಿಯೋ ತುಂಬುತ್ತಾರೆ. ಇದಕ್ಕೆ ಯಾವ ಸಾಫ್ಟ್‌ವೇರನ್ನು ಆರಿಸಿಕೊಳ್ಳಬೇಕು ಎಂಬುದು ವೈರಿಂಗ್ ಕೆಲಸದಲ್ಲಿರುವ ನಮ್ಮ ತರುಣರ ಪ್ರಶ್ನೆ. ಮನೆ ಕಟ್ಟಿಸುವವರೂ, ಮಗ್ಗ ಹಾಕಿಸುವವರೂ, ಕೊಳವೆ ಬಾವಿ ತೋಡಿಸುವವರೂ ಇದನ್ನು ತಿಳಿದಿರುವುದು ಒಳ್ಳೆಯದು. ಏಕೆಂದರೆ ವರದಿಯಲ್ಲಿ ತಪ್ಪಿದ್ದರೆ ಅದರ ಫಲವನ್ನು ಅನುಭವಿಸುವವರು ಅವರೇ.

ವರದಿಯಲ್ಲಿ ಏನಿರುತ್ತದೆ?

ಹೊಸದಾಗಿ ಕರೆಂಟು ಪಡೆಯಬೇಕಾದರೆ, ವೈರಿಂಗ್ ಮುಗಿದಿದೆ, ಪರೀಕ್ಷೆ ಮಾಡಿ ನೋಡಿದ್ದೇವೆ ಎಂದು ಲೈಸೆನ್ಸ್ ಪಡೆದ ಕಂಟ್ರಾಕ್ಟರು ರುಜು ಹಾಕಿ ಬೆಸ್ಕಾಂಗೆ ಕೊಡಬೇಕು. ಈ ಲೈಸೆನ್ಸನ್ನು ಕೊಡುವುದು ರಾಜ್ಯದ ವಿದ್ಯುತ್ ಪರಿವೀಕ್ಷಣಾಲಯ. ವರದಿಯಲ್ಲಿ ಹೆಸರು, ವಿಳಾಸ, ದೀಪ ಮತ್ತು ಮೋಟಾರುಗಳ ಲೆಕ್ಕ, ತಂತಿಯ ಗಾತ್ರ ಮೊದಲಾದವು ಇರುತ್ತವೆ. ಆದರೆ ಅದರ ಪ್ರಾಣವಿರುವುದು ಮೂರು ಅಳತೆಗಳಲ್ಲಿ.

ಮೊದಲನೆಯದು ಇನ್ಸುಲೇಷನ್. ಮೆಗ್ಗರಿನಿಂದ 500 ವೋಲ್ಟ್ ಡಿ.ಸಿ. ಒತ್ತಡ ಕೊಟ್ಟು, ತಂತಿಯಿಂದ ಭೂಮಿಗೆ ಕರೆಂಟು ಸೋರುತ್ತದೆಯೇ ಎಂದು ನೋಡುವುದು. ನಮ್ಮ ಮನೆಗಳ ವೈರಿಂಗಿನಲ್ಲಿ ಇದು 1 ಮೆಗಓಮ್‌ಗಿಂತ ಕಡಿಮೆ ಇರಕೂಡದು. ಎರಡನೆಯದು ಅರ್ಥಿಂಗಿನ ಅಳತೆ. ಅದೆಷ್ಟು ಓಮ್ ಎಂದು. ಮೂರನೆಯದು ಸೋರಿಕೆಯನ್ನು ಕಂಡೊಡನೆ ಕರೆಂಟು ಕಡಿಯುವ ಸಾಧನ, ಅಂದರೆ ಇ.ಎಲ್.ಸಿ.ಬಿ. ಅಥವಾ ಆರ್.ಸಿ.ಸಿ.ಬಿ., ಸರಿಯಾಗಿ ಕೆಲಸ ಮಾಡುತ್ತದೆಯೇ ಎಂಬುದು. ಮನೆಗಳಿಗೆ ಇದು 30 ಮಿಲಿಆಂಪಿಯರನ್ನು ಮೀರದ್ದಾಗಿರಬೇಕು.

ಅರ್ಥಿಂಗಿನ ಅಳತೆಗೆ ಇಷ್ಟೊಂದು ಮಹತ್ವವೇಕೆ? ಒಂದು ಸಣ್ಣ ಲೆಕ್ಕ ನೋಡಿ. ಮಾಕಳಿದುರ್ಗದ ಸುತ್ತಿನ ನಮ್ಮ ನೆಲ ಕಲ್ಲುನೆಲ. ಬೇಸಗೆಯಲ್ಲಿ ತೇವ ಆರಿದ ಮೇಲೆ ಅರ್ಥಿಂಗಿನ ಅಳತೆ ಏರುತ್ತದೆ. ಅದು 10 ಓಮ್ ಆಯಿತೆನ್ನಿ. ಪಂಪಿನ ಸ್ಟಾರ್ಟರ್ ಪೆಟ್ಟಿಗೆಗೆ ಒಂದು ಫೇಸ್ ತಾಗಿತು. 230 ವೋಲ್ಟನ್ನು 10ರಿಂದ ಭಾಗಿಸಿದರೆ 23 ಆಂಪಿಯರ್. ಹೆಚ್ಚೆಂದರೆ ಅಷ್ಟು ಕರೆಂಟು ಭೂಮಿಗೆ ಹರಿದೀತು. ಆದರೆ ಅಲ್ಲಿ ಹಾಕಿರುವುದು 32 ಆಂಪಿಯರಿನ ಎಂ.ಸಿ.ಬಿ. ಆದರೆ, 23 ಆಂಪಿಯರಿಗೆ ಅದು ಬೀಳುವುದೇ ಇಲ್ಲ! ಪೆಟ್ಟಿಗೆಯಲ್ಲಿ ಕರೆಂಟು ಹಾಗೆಯೇ ನಿಂತಿರುತ್ತದೆ. ನೀರು ಕಟ್ಟಲು ಹೋದವನ ಒದ್ದೆ ಕೈ ಅದನ್ನು ಮುಟ್ಟುತ್ತದೆ. ಸೋರಿಕೆ ಕಡಿಯುವ ಸಾಧನವಿದ್ದರೆ ಅದೇ 23 ಆಂಪಿಯರಿಗೆ ಕ್ಷಣಾರ್ಧದಲ್ಲಿ ಕರೆಂಟು ನಿಲ್ಲುತ್ತದೆ. ವರದಿಯಲ್ಲಿ '10 ಓಮ್' ಎಂದು ನಿಜವಾಗಿ ಬರೆದಿದ್ದರೆ, ಓದಿದವರು ಇದನ್ನು ಹಿಡಿದು ಸರಿಪಡಿಸಬಹುದು. ಅಳೆಯದೆ '2 ಓಮ್' ಎಂದು ಬರೆದಿದ್ದರೆ ಯಾರಿಗೂ ತಿಳಿಯುವುದಿಲ್ಲ.

ಆದುದರಿಂದ ಸಾಫ್ಟ್‌ವೇರ್ ಆರಿಸುವಾಗ ಮೊದಲು ಕೇಳಬೇಕಾದ ಪ್ರಶ್ನೆ, 'ಎಷ್ಟು ಬೇಗ ತುಂಬುತ್ತದೆ?' ಎಂಬುದಲ್ಲ. 'ಅಳೆಯದ ಅಂಕಿಯನ್ನು ತುಂಬಲು ಇದು ಸಹಾಯ ಮಾಡುತ್ತದೆಯೋ, ಅಡ್ಡಿ ಮಾಡುತ್ತದೆಯೋ?' ಎಂಬುದು. ಸಾಫ್ಟ್‌ವೇರ್ ಬರೆಯಬಲ್ಲದು, ಅಳೆಯಲಾರದು.

ಮೂರು ಬಗೆಯ ಸಾಧನಗಳು

ಒಂದು, ಎಕ್ಸೆಲ್ ಅಥವಾ ಲಿಬ್ರೆಆಫೀಸ್‌ನಲ್ಲಿ ನಾವೇ ಮಾಡಿಕೊಂಡ ಹಾಳೆ. ಲಿಬ್ರೆಆಫೀಸ್‌ಗೆ ಹಣ ಕೊಡಬೇಕಾಗಿಲ್ಲ. ತಿಂಗಳಿಗೆ ನಾಲ್ಕಾರು ಮನೆ ಮಾಡುವವರಿಗೆ ಇದೇ ಸಾಕು. ಹಾಸಿಗೆ ಇದ್ದಷ್ಟು ಕಾಲು ಚಾಚುವುದು ಈ ವಿಷಯದಲ್ಲಿಯೂ ಲೇಸು.

ಎರಡು, ಮೊಬೈಲಿನಲ್ಲಿ ತುಂಬುವ ಸಾಮಾನ್ಯ ಫಾರಂ ಸಾಧನಗಳು. ಕೆಲಸದ ಸ್ಥಳದಲ್ಲಿಯೇ ತುಂಬಬಹುದು, ಮೆಗ್ಗರಿನ ಮುಳ್ಳು ಎಲ್ಲಿ ನಿಂತಿದೆ ಎಂಬ ಫೋಟೋವನ್ನೂ ಸೇರಿಸಬಹುದು. ಎರಡು ಮೂರು ತಂಡಗಳನ್ನು ಇಟ್ಟುಕೊಂಡ ಕಂಟ್ರಾಕ್ಟರುಗಳಿಗೆ ಇದು ಅನುಕೂಲ.

ಮೂರು, ವಿದ್ಯುತ್ ಸರ್ಟಿಫಿಕೇಟಿಗೆಂದೇ ತಯಾರಾದ, ತಿಂಗಳ ಅಥವಾ ವರುಷದ ಚಂದಾ ಕೊಡಬೇಕಾದ ಸಾಫ್ಟ್‌ವೇರ್. ಇವುಗಳಲ್ಲಿ ಅನೇಕವು ಇಂಗ್ಲೆಂಡಿನವು, ಅಲ್ಲಿನ ಬಿ.ಎಸ್. 7671 ಎಂಬ ನಿಯಮಕ್ಕೆ ತಕ್ಕಂತೆ ಮಾಡಿದವು. ಅವು ಅಂದವಾಗಿವೆ, ನಿಜ. ಆದರೆ ಅಲ್ಲಿ ಮನೆಯ ಸಾಕೆಟ್ಟುಗಳಿಗೆ ತಂತಿಯನ್ನು ಉಂಗುರದಂತೆ ಸುತ್ತಿ ತರುವ ಪದ್ಧತಿ ಉಂಟು. ಆ ಪರೀಕ್ಷೆಗೆಂದೇ ಹಾಳೆಯಲ್ಲಿ ಕಲಮುಗಳಿವೆ. ನಮ್ಮಲ್ಲಿ ಅದು ರೂಢಿಯಲ್ಲಿಲ್ಲ. ನಮ್ಮ ಮಗ್ಗದ ಮನೆಗಳ ಹಾಗೆ ಒಂದೇ ಸೂರಿನಡಿ ಅಡಿಗೆಯೂ ಮೋಟಾರೂ ಇರುವ ಸಂಗತಿ ಆ ನಮೂನೆಗೆ ಗೊತ್ತಿಲ್ಲ. ಬೇರೆಯವರ ಅಳತೆಗೆ ಹೊಲಿದ ಅಂಗಿ ಎಷ್ಟು ಬೆಲೆಯದಾದರೇನು?

ಯಾವುದನ್ನೇ ಕೊಳ್ಳುವ ಮೊದಲು ನಿಮ್ಮ ಬೆಸ್ಕಾಂ ಉಪವಿಭಾಗದ ಕಚೇರಿಗೆ ಹೋಗಿ, ಅವರು ಸ್ವೀಕರಿಸುವ ವರದಿಯ ನಮೂನೆಯನ್ನು ಕೇಳಿ ಪಡೆಯಿರಿ. ಆ ನಮೂನೆಗೆ ಹೊಂದದ ಸಾಫ್ಟ್‌ವೇರ್ ಪುಕ್ಕಟೆಯಾಗಿ ಬಂದರೂ ದುಬಾರಿಯೇ.

ಕೊಳ್ಳುವ ಮೊದಲು ಐದು ಪರೀಕ್ಷೆ

ಎತ್ತು ಕೊಳ್ಳುವಾಗ ಹಲ್ಲು ಹಿಡಿದು, ಸುಳಿ ನೋಡಿ, ನಡೆಸಿ ನೋಡುವುದಿಲ್ಲವೇ? ಹಾಗೆಯೇ ಇದನ್ನೂ ಪರೀಕ್ಷಿಸಿ.

(1) ಅಳತೆಯ ಮನೆಯನ್ನು ಖಾಲಿ ಬಿಟ್ಟು ನೋಡಿ. ಎಕ್ಸೆಲ್ ಹಾಳೆಯಲ್ಲಿ, ಅರ್ಥಿಂಗ್ 5 ಓಮ್‌ಗಿಂತ ಕಡಿಮೆ ಇದ್ದರೆ 'ಸರಿ' ಎಂದು ಸೂತ್ರ ಬರೆದಿದ್ದೀರೆನ್ನಿ. ಖಾಲಿ ಮನೆಯನ್ನು ಅದು ಸೊನ್ನೆ ಎಂದು ತಿಳಿಯುತ್ತದೆ. ಸೊನ್ನೆ ಐದಕ್ಕಿಂತ ಕಡಿಮೆಯಲ್ಲವೇ? ಆದುದರಿಂದ ಅಳತೆಯೇ ಮಾಡದ ಅರ್ಥಿಂಗಿಗೂ 'ಸರಿ' ಎಂದು ಮುದ್ರೆ ಒತ್ತುತ್ತದೆ! ಖಾಲಿ ಇದ್ದರೆ 'ಅಳತೆ ಆಗಿಲ್ಲ' ಎಂದು ಹೇಳುವಂತೆ ಸೂತ್ರವನ್ನು ತಿದ್ದಿಕೊಳ್ಳಬೇಕು.

(2) ಅಂಕಿಯ ಬದಲು ಅಕ್ಷರ ಬರೆದು ನೋಡಿ. ಎಕ್ಸೆಲ್‌ನ ಲೆಕ್ಕದಲ್ಲಿ ಯಾವ ಅಕ್ಷರವಾದರೂ ಯಾವ ಅಂಕಿಗಿಂತಲೂ ದೊಡ್ಡದು. ಇನ್ಸುಲೇಷನ್ ಕಲಮಿನಲ್ಲಿ 'ನೋಡಿಲ್ಲ' ಎಂದು ಬರೆದರೆ, ಅದು 1ಕ್ಕಿಂತ ಹೆಚ್ಚೆಂದು ತಿಳಿದು 'ಸರಿ' ಎಂದುಬಿಡುತ್ತದೆ. ಆದರೆ ಅಕ್ಷರವನ್ನು ಪೂರ್ತಿಯಾಗಿ ತಡೆಯುವುದೂ ತಪ್ಪು. ಒಳ್ಳೆಯ ತಂತಿಗೆ ಮೆಗ್ಗರಿನ ಮುಳ್ಳು ಅಳತೆಯ ಕೊನೆಯನ್ನೂ ದಾಟುತ್ತದೆ. ಆಗ '200ಕ್ಕಿಂತ ಹೆಚ್ಚು' ಎಂದು ಬರೆಯಲು ಅವಕಾಶವಿರಬೇಕು.

(3) ತಪ್ಪು ಅಂಕಿ ಕೊಟ್ಟು ನೋಡಿ. ಇನ್ಸುಲೇಷನ್ 0.5 ಮೆಗಓಮ್ ಎಂದು ತುಂಬಿ. ಕೆಂಪು ಗುರುತು ತೋರಿಸಿ ನಿಲ್ಲಿಸುತ್ತದೆಯೇ? ಇಲ್ಲಿ ಒಂದು ಹಳೆಯ ಬಲೆ ಇದೆ. ಮೊದಲಿನ ಪುಸ್ತಕಗಳಲ್ಲಿ, 50ನ್ನು ಪಾಯಿಂಟುಗಳ ಸಂಖ್ಯೆಯಿಂದ ಭಾಗಿಸಿದರೆ ಬರುವಷ್ಟು ಮೆಗಓಮ್ ಇದ್ದರೆ ಸಾಕು ಎಂಬ ಸೂತ್ರವಿತ್ತು. ಆ ಪ್ರಕಾರ 100 ಪಾಯಿಂಟಿನ ಒಂದು ಛತ್ರಕ್ಕೆ ಅರ್ಧ ಮೆಗಓಮ್ ಸಾಕಾಗುತ್ತಿತ್ತು. 2019ರಲ್ಲಿ ಪರಿಷ್ಕರಿಸಿದ ಐ.ಎಸ್. 732 ಎಂಬ ಭಾರತೀಯ ಮಾನಕದಲ್ಲಿ 1 ಮೆಗಓಮ್ ಇರಲೇಬೇಕು. ಯಾರಿಂದಲೋ ಯಾರಿಗೋ ಕೈ ಬದಲಾಗಿ ಬಂದ ಹಾಳೆಯ ಒಳಗೆ ಹಳೆಯ ಸೂತ್ರ ಅಡಗಿದ್ದರೆ, ಇಂದು ತಪ್ಪಾದದ್ದನ್ನು ಅದು ಸರಿ ಎನ್ನುತ್ತದೆ.

ಹಾಗೆಯೇ ಹಾಳೆಯ ಅಡಿಯಲ್ಲಿರುವ ಘೋಷಣೆಯನ್ನೂ ಓದಿ. ಭಾರತೀಯ ವಿದ್ಯುಚ್ಛಕ್ತಿ ನಿಯಮಗಳು, 1956 ಎಂದು ಅಚ್ಚಾಗಿದ್ದರೆ ಅದು ತೀರಾ ಹಳೆಯದು. ಅವುಗಳ ಸ್ಥಾನದಲ್ಲಿ 2010ರಲ್ಲಿ ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮಗಳು ಬಂದವು; 2023ರಲ್ಲಿ ಅವುಗಳೂ ಹೋಗಿ ಹೊಸವು ಬಂದಿವೆ. ನಿಯಮ ಬದಲಾದಾಗ ಹಾಳೆಯನ್ನು ತಿದ್ದುವವರು ಯಾರು ಎಂಬುದನ್ನು ಕೊಳ್ಳುವ ದಿನವೇ ಕೇಳಿಕೊಳ್ಳಿ. ಸ್ವಂತ ಹಾಳೆಯಾದರೆ ತಿದ್ದುವ ಹೊಣೆ ನಿಮ್ಮದೇ.

(4) ಒಂದು ವರದಿಯನ್ನು ನಕಲು ಮಾಡಿ ನೋಡಿ. ಹಿಂದಿನ ಮನೆಯ ವರದಿಯನ್ನು ತೆರೆದು, ಹೆಸರು ಬದಲಿಸಿ, ಹೊಸ ಮನೆಗೆ ಕೊಡುವುದು ಎಲ್ಲ ಕಡೆಯೂ ಇರುವ ಕೆಟ್ಟ ಅಭ್ಯಾಸ. ಕಂಪ್ಯೂಟರು ಇದನ್ನು ಬಹಳ ಸುಲಭ ಮಾಡಿದೆ. ಒಳ್ಳೆಯ ಸಾಧನವು ಕಂಟ್ರಾಕ್ಟರಿನ ಹೆಸರು, ಲೈಸೆನ್ಸಿನ ನಂಬರು ಮುಂತಾದವನ್ನು ಉಳಿಸಿಕೊಂಡು, ಅಳತೆಯ ಮನೆಗಳನ್ನೂ ತಾರೀಖನ್ನೂ ಖಾಲಿ ಮಾಡಿ ಕೊಡಬೇಕು. ಹಾಗೆ ಮಾಡದಿದ್ದರೆ, ಏನೂ ತುಂಬದ ಒಂದು ಮೂಲ ಹಾಳೆಯನ್ನು ಬೇರೆ ಇಟ್ಟುಕೊಂಡು, ಪ್ರತಿ ಸಲವೂ ಅದರಿಂದಲೇ ಶುರುಮಾಡಿ.

(5) ಮೊಬೈಲಿನ ನೆಟ್ ಆರಿಸಿ ನೋಡಿ. ಬೆಟ್ಟದ ಮರೆಯ ಊರುಗಳಲ್ಲಿಯೂ ತೋಟದ ಮನೆಗಳಲ್ಲಿಯೂ ಸಿಗ್ನಲ್ ಎಲ್ಲ ಕಡೆ ಸಿಕ್ಕುವುದಿಲ್ಲ. ನೆಟ್ ಇಲ್ಲದಾಗ ತುಂಬಲಾಗದ ಸಾಧನವನ್ನು ಇಟ್ಟುಕೊಂಡವರು, ಅಂಕಿಗಳನ್ನು ಮನೆಗೆ ಹೋಗಿ ಜ್ಞಾಪಕದಿಂದ ಬರೆಯುತ್ತಾರೆ. ಜ್ಞಾಪಕದ ಅಂಕಿ ಅಳತೆಯ ಅಂಕಿಯಲ್ಲ.

ಕನ್ನಡದ ವಿಷಯ

ವರದಿಯಲ್ಲಿ ಕನ್ನಡವನ್ನು ಬಳಸುವವರು ಯೂನಿಕೋಡ್ ಅಕ್ಷರದಲ್ಲಿಯೇ ಬರೆಯಬೇಕು. ಹಳೆಯ ನುಡಿ ಅಥವಾ ಬರಹದ ಫಾಂಟಿನಲ್ಲಿ ಬರೆದ ಹಾಳೆಯನ್ನು, ಆ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಕನ್ನಡ ಕಾಣುವುದಿಲ್ಲ. ಇಂಗ್ಲಿಷ್ ಅಕ್ಷರಗಳ ಚಿಲ್ಲಾಪಿಲ್ಲಿ ಕಾಣುತ್ತದೆ. ವರದಿ ಮುಗಿದ ಮೇಲೆ ಪಿ.ಡಿ.ಎಫ್. ಮಾಡಿ, ಅದನ್ನು ಬೇರೊಂದು ಮೊಬೈಲಿನಲ್ಲಿ ತೆರೆದು ನೋಡಿ. ಒತ್ತಕ್ಷರಗಳು ಸರಿಯಾಗಿ ಬಂದಿದ್ದರೆ ಮಾತ್ರ ಕಳುಹಿಸಿ.

ಜೋಪಾನ ಮಾಡುವುದು

ವೈರಿಂಗ್ ವರದಿ ಇಂದಿಗೆ ಮಾತ್ರ ಬೇಕಾದುದಲ್ಲ. ಹತ್ತು ವರುಷದ ಮೇಲೆ ಮನೆಗೆ ಮಾಳಿಗೆ ಏರಿಸುವಾಗ, ಮಗ್ಗ ಹೆಚ್ಚಿಸುವಾಗ, ಹಳೆಯ ಅಳತೆಯೊಂದಿಗೆ ಹೊಸದನ್ನು ತಾಳೆ ನೋಡಿದರೆ ವೈರಿಂಗ್ ಎಷ್ಟು ಸವೆದಿದೆ ಎಂಬುದು ತಿಳಿಯುತ್ತದೆ. ಆದ ಕಾರಣ, ಚಂದಾ ನಿಲ್ಲಿಸಿದ ಮೇಲೂ ಹಳೆಯ ವರದಿಗಳನ್ನು ತೆರೆಯಬಹುದೇ ಎಂದು ಮಾರುವವರನ್ನು ಕೇಳಬೇಕು. 'ಆಗದು' ಎಂದರೆ ಅದನ್ನು ಕೊಳ್ಳದಿರುವುದೇ ವಾಸಿ. ಪ್ರತಿ ವರದಿಯ ಪ್ರತಿಯನ್ನು ಪೆನ್‌ಡ್ರೈವ್‌ನಲ್ಲಿ ಒಂದು, ಕಾಗದದಲ್ಲಿ ಒಂದು ಇಡಿ. ಗಿರಾಕಿಯ ಫೋನ್ ನಂಬರು, ಆರ್.ಆರ್. ನಂಬರುಗಳಿರುವ ಹಾಳೆಯನ್ನು ಕಂಡಕಂಡವರಿಗೆ ವಾಟ್ಸ್‌ಆಪ್ ಮಾಡಕೂಡದು.

ಮನೆಯ ಯಜಮಾನರು ಏನು ಮಾಡಬೇಕು?

ರುಜು ಹಾಕಿದ ವರದಿಯ ಒಂದು ಪ್ರತಿಯನ್ನು ಕೇಳಿ ಪಡೆಯಿರಿ, ಅದು ನಿಮ್ಮದು. ಪರೀಕ್ಷೆ ಮಾಡುವಾಗ ಹತ್ತಿರ ನಿಂತು, ಮೆಗ್ಗರ್ ಎಷ್ಟು ತೋರಿಸಿತು ಎಂದು ಕೇಳಿ. ಯಾರೂ ಮೆಗ್ಗರ್ ತಾರದೆಯೇ ವರದಿ ಬಂದಿತೆಂದರೆ, ಆ ಅಂಕಿ ಎಲ್ಲಿಂದ ಬಂದಿತು ಎಂದು ವಿಚಾರಿಸಿ. ಇದರಲ್ಲಿ ಸಂಕೋಚವೇನೂ ಬೇಡ. ಇ.ಎಲ್.ಸಿ.ಬಿ.ಯ ಮೇಲಿರುವ ಪರೀಕ್ಷೆಯ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ ನೋಡಿ, ಒತ್ತಿದೊಡನೆ ಬೀಳಬೇಕು. ಬೀಳದಿದ್ದರೆ ಕೂಡಲೆ ಬದಲಾಯಿಸಿ. ಎಲ್ಲಿಯಾದರೂ ತಂತಿ ಹರಿದು ಬಿದ್ದಿದ್ದರೆ ಹತ್ತಿರ ಹೋಗದೆ, ದನಕರುಗಳನ್ನೂ ದೂರವಿಟ್ಟು, ಬೆಸ್ಕಾಂನ 1912ಕ್ಕೆ ಫೋನು ಮಾಡಿ.

ಘಾಟಿಯ ಗರ್ಭಗುಡಿಯಲ್ಲಿ ಸುಬ್ರಹ್ಮಣ್ಯ ಸ್ವಾಮಿ ಪೂರ್ವಕ್ಕೆ ಮುಖಮಾಡಿದ್ದಾನೆ. ಹಿಂಬದಿಯಲ್ಲಿ ನರಸಿಂಹ ಸ್ವಾಮಿ ಪಶ್ಚಿಮಕ್ಕೆ ಮುಖಮಾಡಿದ್ದಾನೆ. ಎದುರಿಗೆ ನಿಂತವರಿಗೆ ನರಸಿಂಹನ ದರ್ಶನವಾಗುವುದು ಹಿಂದಿಟ್ಟಿರುವ ಕನ್ನಡಿಯಿಂದ. ಗೋಡೆಯೊಳಗೆ ಹೂತ ತಂತಿಯೂ ನೆಲದೊಳಗಿನ ಅರ್ಥಿಂಗೂ ಹಾಗೆಯೇ ನಮ್ಮ ಕಣ್ಣಿಗೆ ನೇರವಾಗಿ ಕಾಣುವುದಿಲ್ಲ. ಅವುಗಳನ್ನು ತೋರಿಸುವ ಕನ್ನಡಿ ಈ ವರದಿ. ಕನ್ನಡಿಯು ಇದ್ದುದನ್ನು ಇದ್ದಂತೆ ತೋರಿಸಬೇಕು. ಅಂಥ ವರದಿಯನ್ನು ಬರೆಯಲು ನೆರವಾಗುವ ಸಾಫ್ಟ್‌ವೇರ್ ಯಾವುದೋ ಅದೇ ಲೇಸು. ಅದು ನಮ್ಮ ಕೈಯಾರೆ ಮಾಡಿದ ಹಾಳೆಯೇ ಆಗಿರಲಿ, ಹಣ ಕೊಟ್ಟು ತಂದದ್ದೇ ಆಗಿರಲಿ, ಮೊದಲು ಮೆಗ್ಗರ್ ಕೈಗೆ ತೆಗೆದುಕೊಳ್ಳಿ, ಆಮೇಲೆ ಮೊಬೈಲು.