ಜನರು ಚಳವಳಿಗಳಲ್ಲಿ ಭಾಗವಹಿಸುವುದೇಕೆ?

ಚಳವಳಿಯೊಂದು ನಡೆದುಹೋದ ಮೇಲೆ ಅದರಲ್ಲಿ ಸೇರಿದ ಜನರನ್ನು ಕುರಿತು ಎರಡು ಬಗೆಯ ಮಾತುಗಳು ಕೇಳಿಬರುವುದುಂಟು. ಅಧಿಕಾರದಲ್ಲಿರುವವರು, ಹೊರಗಿನಿಂದ ಬಂದ ಯಾರೋ ನಾಲ್ವರು ಮುಗ್ಧರ ಕಿವಿಯೂದಿದರು, ಇಲ್ಲವಾಗಿದ್ದರೆ ಇವರು ತಮ್ಮ ಪಾಡಿಗೆ ತಾವಿರುತ್ತಿದ್ದರು ಎನ್ನುವರು. ಚಳವಳಿಯ ಮುಂದಾಳುಗಳು, ಜನರು ಸಂಕಟ ತಡೆಯಲಾರದೆ ಸಿಡಿದೆದ್ದರು, ಮನೆಯಲ್ಲಿ ಉಳಿದವರು ಹೇಡಿಗಳು ಇಲ್ಲವೆ ಸ್ವಾರ್ಥಿಗಳು ಎನ್ನುವರು. ಮೊದಲನೆಯ ಮಾತನ್ನು ನಂಬಿದಾಗ ಲಾಠಿಯ ಏಟು ಬೀಳುವುದು. ಎರಡನೆಯದನ್ನು ನಂಬಿದಾಗ ಒಂದೇ ಕೇರಿಯ ಎರಡು ಮನೆಗಳ ನಡುವೆ ಒಂದು ತಲೆಮಾರಿನವರೆಗೂ ಮಾತು ನಿಂತುಹೋಗುವುದು. ಆದುದರಿಂದ, ಜನರು ಚಳವಳಿಗೆ ಬರುವುದೇಕೆ ಎಂಬ ಪ್ರಶ್ನೆ ಕೇವಲ ಪಾಂಡಿತ್ಯದ ಪ್ರಶ್ನೆಯಲ್ಲ. ಕಳೆದ ಆರು ದಶಕಗಳಲ್ಲಿ ಸಮಾಜಶಾಸ್ತ್ರಜ್ಞರು ಈ ವಿಷಯದಲ್ಲಿ ಪಡೆದಿರುವ ತಿಳಿವಳಿಕೆಯನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ಗುಂಪು ಸೇರಿದ ಮನುಷ್ಯ ವಿವೇಕ ಕಳೆದುಕೊಳ್ಳುವನೆಂದೂ, ಒಬ್ಬನ ಹುಚ್ಚು ಇನ್ನೊಬ್ಬನಿಗೆ ಸೋಂಕಿನಂತೆ ಅಂಟುವುದೆಂದೂ ಫ್ರಾನ್ಸಿನ ಗುಸ್ತಾವ್ ಲ ಬಾನ್ 1895ರಲ್ಲಿ ಬರೆದನು. ಆ ಮತವನ್ನು ಇಂದು ಶಾಸ್ತ್ರಜ್ಞರಾರೂ ಹಾಗೆಯೇ ಒಪ್ಪುವುದಿಲ್ಲವಾದುದರಿಂದ ಅದನ್ನು ಇಲ್ಲಿಯೇ ಬಿಡಬಹುದು. ಅದಕ್ಕಿಂತ ಗಟ್ಟಿಯಾದ, ನಮ್ಮ ತರಗತಿಗಳಲ್ಲಿ ವಿದ್ಯಾರ್ಥಿಗಳು ಮೊಟ್ಟಮೊದಲು ಹೇಳುವ ಉತ್ತರವೊಂದಿದೆ: ಕಷ್ಟವಿದ್ದುದರಿಂದ ಜನರು ಎದ್ದರು. ಇದನ್ನೇ ತಿದ್ದಿ, ಬರಿಯ ಕಷ್ಟವಲ್ಲ, ತಮಗೆ ಸಲ್ಲತಕ್ಕದ್ದಕ್ಕೂ ದೊರೆತದ್ದಕ್ಕೂ ನಡುವೆ ಕಾಣುವ ಅಂತರವೇ ಜನರನ್ನು ಕೆರಳಿಸುವುದೆಂದು ಟೆಡ್ ಗರ್ 1970ರ ತಮ್ಮ ಗ್ರಂಥದಲ್ಲಿ ವಾದಿಸಿದರು. ಈ ಮಾತಿನಲ್ಲಿ ಸತ್ಯಾಂಶವುಂಟು. ಆದರೆ ಅದು ಎಷ್ಟು ದೂರ ನಡೆಯಬಲ್ಲದು ಎಂಬುದನ್ನು ನಮ್ಮ ನಾಡಿನದೇ ಒಂದು ನಿದರ್ಶನದಿಂದ ನೋಡೋಣ.

ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನ ಕಾಗೋಡು ಗ್ರಾಮದಲ್ಲಿ 1951ರ ಏಪ್ರಿಲ್ ತಿಂಗಳಲ್ಲಿ ಗೇಣಿದಾರರ ಸತ್ಯಾಗ್ರಹ ಆರಂಭವಾಯಿತು. ಗೇಣಿದಾರರಲ್ಲಿ ಬಹುಮಂದಿ ದೀವರು. ಗೇಣಿಯ ಭತ್ತವನ್ನು ಅಳೆದುಕೊಳ್ಳಲು ಭೂಮಾಲೀಕರು ಬಳಸುತ್ತಿದ್ದ ಕೊಳಗ ರೂಢಿಯ ಕೊಳಗಕ್ಕಿಂತ ದೊಡ್ಡದಾಗಿತ್ತೆಂಬುದು ಅವರ ಮುಖ್ಯ ದೂರು. ವರ್ಷವೆಲ್ಲ ದುಡಿದವನ ಕಣ್ಣೆದುರಿಗೇ, ಅವನ ಕಣದಲ್ಲಿಯೇ, ಅಳತೆ ತಪ್ಪುತ್ತಿತ್ತು. ಇದಕ್ಕಿಂತ ಸ್ಪಷ್ಟವಾದ ಅನ್ಯಾಯವನ್ನು ಊಹಿಸುವುದು ಕಷ್ಟ. ಆದರೆ ಆ ಕೊಳಗ 1951ರಲ್ಲಿ ಹುಟ್ಟಿದುದಲ್ಲ. ಅದು ತಂದೆಯ ಕಾಲದಲ್ಲಿಯೂ ಇತ್ತು. ಸುತ್ತಣ ಗ್ರಾಮಗಳಲ್ಲಿಯೂ ಗೇಣಿಯ ಭಾರವಿತ್ತು. ಹಾಗಾದರೆ ಆ ವರ್ಷವೇ ಏಕೆ, ಆ ಊರಿನವರೇ ಏಕೆ? ಕಷ್ಟವೊಂದೇ ಕಾರಣವೆನ್ನುವವರಲ್ಲಿ ಇದಕ್ಕೆ ಉತ್ತರ ದೊರೆಯದು. ಕಷ್ಟವು ನೆಲದ ತೇವದಂತೆ ಎಲ್ಲೆಡೆಯೂ ಹರಡಿರುವುದು. ಚಳವಳಿ ಮೊಳೆಯುವುದು ಮಾತ್ರ ಕೆಲವೆಡೆ.

ಇದಕ್ಕಿಂತ ತೊಡಕಿನ ಶಂಕೆಯೊಂದನ್ನು ಅರ್ಥಶಾಸ್ತ್ರಜ್ಞ ಮ್ಯಾನ್ಕರ್ ಓಲ್ಸನ್ 1965ರಲ್ಲಿ ಎತ್ತಿದರು. ಚಳವಳಿಯ ಫಲ ಎಲ್ಲರಿಗೂ ಸಮನಾಗಿ ದೊರೆಯುವುದಾದರೆ ಲೆಕ್ಕಬಲ್ಲ ಮನುಷ್ಯ ಅದರಲ್ಲಿ ಸೇರುವುದೇ ಇಲ್ಲ ಎಂಬುದು ಅವರ ವಾದ. ಸೆರೆಮನೆಗೆ ಹೋದವನಿಗೆ ಹೋದ ಕಷ್ಟ ಉಳಿಯುವುದು. ಹೋಗದವನಿಗೂ ಲಾಭ ಬರುವುದು. ಇದು ಬರಿಯ ತರ್ಕವಲ್ಲವೆಂಬುದಕ್ಕೆ ನಮ್ಮ ನಾಡಿನ ಭೂಸುಧಾರಣೆಯೇ ಸಾಕ್ಷಿ. 1961ರ ಶಾಸನಕ್ಕೆ 1974ರಲ್ಲಿ ತಿದ್ದುಪಡಿಯಾಗಿ ಉಳುವವನು ಭೂಮಿಗೆ ಒಡೆಯನಾದಾಗ, ಗೇಣಿದಾರನು ಏಳನೆಯ ನಮೂನೆಯ ಅರ್ಜಿಯನ್ನು ಭೂ ನ್ಯಾಯಮಂಡಳಿಗೆ ಸಲ್ಲಿಸಬೇಕಾಗಿತ್ತು. ನೀನು ಉಳುತ್ತಿದ್ದೆಯೋ ಇಲ್ಲವೋ ಎಂದು ಮಂಡಳಿ ಕೇಳಿತೇ ಹೊರತು, 1951ರಲ್ಲಿ ನೀನು ಎಲ್ಲಿದ್ದೆ ಎಂದು ಕೇಳಲಿಲ್ಲ. ಓಲ್ಸನ್ನರ ಲೆಕ್ಕ ಸರಿಯಾಗಿದ್ದರೆ ಕಾಗೋಡಿನಲ್ಲಿ ಒಬ್ಬನೂ ನೇಗಿಲು ಹಿಡಿದು ನಿಷಿದ್ಧವಾದ ಗದ್ದೆಗೆ ಇಳಿಯಬಾರದಾಗಿತ್ತು. ಆದರೆ ಇಳಿದರು, ಬಂಧಿತರಾದರು, ಅವರ ಹಿಂದೆ ಇನ್ನಷ್ಟು ಮಂದಿ ಇಳಿದರು.

ಹೀಗೆ ಎರಡು ಉತ್ತರಗಳೂ ಸೋಲುತ್ತವೆ. ಒಂದರ ಪ್ರಕಾರ ಇನ್ನೂ ಎಷ್ಟೋ ಜನರು ಬರಬೇಕು. ಇನ್ನೊಂದರ ಪ್ರಕಾರ ಯಾರೂ ಬರಬಾರದು. ಎರಡಕ್ಕೂ ಸಮಾನವಾದ ದೋಷವೊಂದಿದೆಯೆಂದು ನಮ್ಮ ಅಭಿಪ್ರಾಯ. ಅವೆರಡೂ ಮನುಷ್ಯನನ್ನು ಒಂಟಿಯಾಗಿ ಕೂರಿಸಿ, ಅವನ ಎದೆಯನ್ನೋ ಅವನ ಲೆಕ್ಕದ ಪುಸ್ತಕವನ್ನೋ ಪರೀಕ್ಷಿಸುತ್ತವೆ. ಅವನ ಬಾಗಿಲಿಗೆ ಯಾರು ಬಂದರು ಎಂಬುದನ್ನು ನೋಡುವುದಿಲ್ಲ.

ಇದನ್ನು ನೋಡಿದ ಅಧ್ಯಯನಗಳಲ್ಲಿ ಎರಡನ್ನು ಇಲ್ಲಿ ಪ್ರಸ್ತಾಪಿಸುವೆವು. ಎರಡೂ ಪರದೇಶದವು, ಆದರೆ ಬಂದವರೊಡನೆ ಬಾರದವರನ್ನೂ ಕುರಿತ ಮಾಹಿತಿ ದೊರೆಯುವುದು ಅತ್ಯಂತ ವಿರಳವಾದುದರಿಂದ ಅವುಗಳ ಬಳಿಗೆ ಹೋಗದೆ ವಿಧಿಯಿಲ್ಲ. ಮೊದಲನೆಯದು ನೆದರ್ಲೆಂಡ್ಸಿನದು. ಅಣ್ವಸ್ತ್ರ ಹೊತ್ತ ಕ್ಷಿಪಣಿಗಳನ್ನು ಆ ದೇಶದಲ್ಲಿ ನೆಲೆಗೊಳಿಸುವುದನ್ನು ವಿರೋಧಿಸಿ 1983ರ ಅಕ್ಟೋಬರ್ 29ರಂದು ಹೇಗ್ ನಗರದಲ್ಲಿ ಐದು ಲಕ್ಷಕ್ಕೂ ಮಿಕ್ಕ ಜನರು ಸೇರಿದರು. ಬರ್ಟ್ ಕ್ಲಾಂಡರ್ಮನ್ಸ್ ಮತ್ತು ಡಿರ್ಕ್ ಊಗೆಮಾ ಎಂಬ ವಿದ್ವಾಂಸರು ಒಂದು ಊರಿನ ನಿವಾಸಿಗಳನ್ನು ಮೆರವಣಿಗೆಗೆ ಮುಂಚೆಯೂ ಅನಂತರವೂ ಪ್ರಶ್ನಿಸಿ, 1987ರಲ್ಲಿ ತಮ್ಮ ಫಲಿತಾಂಶವನ್ನು ಪ್ರಕಟಿಸಿದರು. ಊರಿನವರಲ್ಲಿ ಸುಮಾರು ಮುಕ್ಕಾಲು ಪಾಲು ಜನರಿಗೆ ಚಳವಳಿಯ ಬಗೆಗೆ ಸಹಾನುಭೂತಿಯಿತ್ತು. ಅವರಲ್ಲಿ ಕರೆ ತಲಪಿದ್ದವರು ಅದಕ್ಕಿಂತ ಕಡಮೆ. ಹೋಗಬೇಕೆಂದು ಮನಸ್ಸು ಮಾಡಿದವರು 100ಕ್ಕೆ 10 ಮಂದಿ. ನಿಜವಾಗಿ ಹೇಗ್‌ಗೆ ಹೋದವರು 4 ಮಂದಿ.

ಈ ಅಂಕೆಗಳನ್ನು ವಾಚಕರು ಒಮ್ಮೆ ನಿಂತು ನೋಡಬೇಕು. ಐದು ಲಕ್ಷ ಜನರ ಹಿಂದೆ, ಅದೇ ಅಭಿಪ್ರಾಯವುಳ್ಳ ಎಷ್ಟು ಲಕ್ಷ ಜನರು ಮನೆಯಲ್ಲಿದ್ದರು! ಅವರೆಲ್ಲರೂ ವಿರೋಧಿಗಳಲ್ಲ, ಉದಾಸೀನರೂ ಅಲ್ಲ. ಅಭಿಪ್ರಾಯದಿಂದ ಬೀದಿಯವರೆಗೆ ನಾಲ್ಕು ಮೆಟ್ಟಲುಗಳಿವೆ: ಒಪ್ಪಿಗೆ, ಕರೆ, ಸಂಕಲ್ಪ, ಹೊರಡುವುದು. ಒಂದೊಂದು ಮೆಟ್ಟಲಿನಲ್ಲಿಯೂ ಜನರು ಹಿಂದೆ ಉಳಿಯುವರು. ಕೊನೆಯ ಮೆಟ್ಟಲಿನಲ್ಲಿ, ಹೊರಡಬೇಕೆಂದು ನಿಶ್ಚಯಿಸಿದವರಲ್ಲಿಯೇ ಅರ್ಧಕ್ಕಿಂತ ಹೆಚ್ಚು ಮಂದಿ ಉಳಿದುದು ವಿಚಾರಕ್ಕೆ ಅರ್ಹವಾದುದು.

ಆ ಕೊನೆಯ ಮೆಟ್ಟಲನ್ನು ಬಿಡಿಸಿ ತೋರಿಸುವುದು ಎರಡನೆಯ ಅಧ್ಯಯನ. ಅಮೆರಿಕದ ದಕ್ಷಿಣದ ಮಿಸಿಸಿಪಿ ರಾಜ್ಯದಲ್ಲಿ ಕಪ್ಪು ವರ್ಣದ ನಾಗರಿಕರಿಗೆ ಮತದಾನದ ಹಕ್ಕು ಕಾಗದದ ಮೇಲೆ ಮಾತ್ರ ಇದ್ದ ಕಾಲ. 1964ರ ಬೇಸಗೆಯಲ್ಲಿ ಉತ್ತರದ ವಿಶ್ವವಿದ್ಯಾಲಯಗಳಿಂದ ನೂರಾರು ವಿದ್ಯಾರ್ಥಿಗಳನ್ನು, ಬಹುಮಟ್ಟಿಗೆ ಬಿಳಿಯರನ್ನು, ಅಲ್ಲಿಗೆ ಕರೆತಂದು ಮತದಾರರ ನೋಂದಣಿ ಮಾಡಿಸಬೇಕೆಂದೂ ಶಾಲೆಗಳನ್ನು ನಡೆಸಬೇಕೆಂದೂ ಹಕ್ಕುಗಳ ಸಂಘಟನೆಗಳು ನಿಶ್ಚಯಿಸಿದವು. ಬರಲಿಚ್ಛಿಸುವವರು ಅರ್ಜಿಯನ್ನು ತುಂಬಬೇಕಾಗಿತ್ತು. ಏಕೆ ಬರುವಿರಿ ಎಂಬ ಪ್ರಶ್ನೆಯ ಜೊತೆಗೆ, ನಿಮ್ಮ ಕೆಲಸದ ಸಮಾಚಾರವನ್ನು ಯಾರು ಯಾರಿಗೆ ತಿಳಿಸಬೇಕು, ಅವರ ಹೆಸರುಗಳನ್ನು ಬರೆಯಿರಿ ಎಂಬ ಪ್ರಶ್ನೆಯೂ ಇತ್ತು. ಸಂಘಟಕರು ಅದನ್ನು ಕೇಳಿದುದು ಪ್ರಚಾರದ ಸೌಕರ್ಯಕ್ಕಾಗಿ. ಎರಡು ದಶಕಗಳ ಮೇಲೆ ಡಗ್ ಮ್ಯಾಕ್‌ಆಡಮ್ ಎಂಬ ಸಮಾಜಶಾಸ್ತ್ರಜ್ಞರ ಕೈಗೆ ಆ ಅರ್ಜಿಗಳು ದೊರೆತಾಗ, ಆ ಹೆಸರುಗಳ ಪಟ್ಟಿಯೇ ನಿಧಿಯಾಯಿತು.

ಏಕೆಂದರೆ, ಆಯ್ಕೆಯಾದವರೆಲ್ಲರೂ ಮಿಸಿಸಿಪಿಗೆ ಹೋಗಲಿಲ್ಲ. 720 ಮಂದಿ ಹೋದರು. 239 ಮಂದಿ ಕಡೆಯ ಗಳಿಗೆಯಲ್ಲಿ ಹಿಂದೆ ಸರಿದರು. ಹೋದವರ ಮತ್ತು ಉಳಿದವರ ಅರ್ಜಿಗಳನ್ನು ಒಂದರ ಪಕ್ಕದಲ್ಲಿ ಇನ್ನೊಂದನ್ನಿಟ್ಟು ಮ್ಯಾಕ್‌ಆಡಮ್ ಪರಿಶೀಲಿಸಿದರು. ನಂಬಿಕೆಯಲ್ಲಿ, ನ್ಯಾಯದ ವಿಷಯದಲ್ಲಿ ತೋರಿದ ಕಳಕಳಿಯಲ್ಲಿ, ಎರಡು ಗುಂಪುಗಳ ನಡುವೆ ಹೇಳಿಕೊಳ್ಳುವಂತಹ ಭೇದವೇ ಕಾಣಲಿಲ್ಲ. ಉಳಿದವರೂ ಅಷ್ಟೇ ಉಜ್ಜ್ವಲವಾಗಿ ಬರೆದಿದ್ದರು. ಭೇದ ಕಂಡುದು ಹೆಸರುಗಳ ಪಟ್ಟಿಯಲ್ಲಿ. ಹೋದವರ ಪಟ್ಟಿಗಳಲ್ಲಿ ಅದೇ ಬೇಸಗೆಗೆ ಹೊರಟಿದ್ದ ಇತರರ ಹೆಸರುಗಳು, ಉಳಿದವರ ಪಟ್ಟಿಗಳಲ್ಲಿ ಇದ್ದುದಕ್ಕಿಂತ ಎರಡು ಪಟ್ಟಿಗೂ ಹೆಚ್ಚಾಗಿ ಕಂಡುಬಂದವು. ಜೊತೆಯಲ್ಲಿ ಹೊರಟ ಮಿತ್ರನಿದ್ದವನು ಹೋದನು. ಹೋದವರು ಹಿಂದೆಯೂ ಹೆಚ್ಚು ಸಂಘಟನೆಗಳಲ್ಲಿ ಇದ್ದವರು. ಉಳಿದವರಲ್ಲಿ ಹೆಣ್ಣುಮಕ್ಕಳೂ ಕಿರಿಯ ವಯಸ್ಸಿನವರೂ ಹೆಚ್ಚು. 21 ವರ್ಷ ತುಂಬದವರಿಗೆ ತಂದೆತಾಯಿಗಳ ಒಪ್ಪಿಗೆ ಬೇಕಾಗಿತ್ತೆಂಬುದನ್ನು ನೆನೆದರೆ ಕಾರಣವನ್ನು ದೂರ ಹುಡುಕಬೇಕಾಗಿಲ್ಲ.

ಸಾಹಸ ಸಣ್ಣದೇನೂ ಆಗಿರಲಿಲ್ಲ. ಜೂನ್ 21ರಂದು, ಮಿಸಿಸಿಪಿಯವನೇ ಆದ ಜೇಮ್ಸ್ ಚೇನಿ, ಸಂಘಟಕ ಮೈಕೆಲ್ ಶ್ವರ್ನರ್, ಆಗತಾನೆ ಬಂದಿದ್ದ ವಿದ್ಯಾರ್ಥಿ ಆಂಡ್ರೂ ಗುಡ್‌ಮನ್ ಕೊಲೆಯಾದರು. ಅವರು ಕಾಣೆಯಾದ ಸುದ್ದಿ ಬಂದಾಗ ಎರಡನೆಯ ತಂಡದವರು ಒಹಾಯೋ ರಾಜ್ಯದಲ್ಲಿ ಇನ್ನೂ ತರಬೇತಿಯಲ್ಲಿದ್ದರು. ಹಿಂತಿರುಗುವವರು ಹಿಂತಿರುಗಬಹುದಾಗಿತ್ತು, ಯಾರೂ ತಡೆಯುತ್ತಿರಲಿಲ್ಲ. ಹಿಂತಿರುಗಿದವರು ಬಹು ಸ್ವಲ್ಪ ಮಂದಿ. ಮನೆಯಲ್ಲಿ ಒಬ್ಬನೇ ಕುಳಿತು ಆ ಸುದ್ದಿಯನ್ನು ಕೇಳಿದ್ದರೆ ಏನು ಮಾಡುತ್ತಿದ್ದರೋ ಹೇಳಬರುವಂತಿಲ್ಲ. ಆದರೆ ಅವರು ಕೇಳಿದುದು ಒಂದೇ ಕೊಠಡಿಯಲ್ಲಿ ಮಲಗುತ್ತಿದ್ದ, ಒಂದೇ ಮೇಜಿನಲ್ಲಿ ಉಣ್ಣುತ್ತಿದ್ದ ಸಂಗಾತಿಗಳ ನಡುವೆ.

ಇಷ್ಟನ್ನು ತಿಳಿದು ಕಾಗೋಡಿಗೆ ಮರಳಿದರೆ ಕೆಲವು ಸಂಗತಿಗಳು ಬೇರೆ ಬೆಳಕಿನಲ್ಲಿ ಕಾಣುವವು. ಡಾ. ರಾಮಮನೋಹರ ಲೋಹಿಯಾ ಅವರು ಅಲ್ಲಿಗೆ ಬಂದು ಬಂಧಿತರಾದುದು 1951ರ ಜೂನ್ ತಿಂಗಳಲ್ಲಿ. ಆಗ ಸತ್ಯಾಗ್ರಹ ಆರಂಭವಾಗಿ ಹೆಚ್ಚುಕಡಮೆ ಎರಡು ತಿಂಗಳಾಗಿದ್ದಿತು. ಶಾಂತವೇರಿ ಗೋಪಾಲಗೌಡರೂ ಸಮಾಜವಾದಿ ಪಕ್ಷವೂ ಅದನ್ನು ನಾಡಿಗೆಲ್ಲ ಪರಿಚಯಿಸಿ ಬಲಪಡಿಸಿದುದು ನಿಜ. ಆದರೆ ಅದಕ್ಕೂ ಮುಂಚೆ ಎಚ್. ಗಣಪತಿಯಪ್ಪನವರು ಗೇಣಿದಾರರ ನಡುವೆ ಓಡಾಡಿ ರೈತ ಸಂಘವನ್ನು ಕಟ್ಟಿದ್ದರು. ಅವರು ಆ ಸೀಮೆಗೆ ಹೊರಗಿನವರಲ್ಲ. ಹೊರಗಿನವರು ಕಿವಿಯೂದಿದರೆಂಬ ವಾದ ತಾರೀಖುಗಳ ಎದುರಿಗೇ ನಿಲ್ಲಲಾರದು.

ಇನ್ನೊಂದು ಸಂಗತಿಯನ್ನು ನಾವು ಊಹೆಯಾಗಿಯೇ ಮುಂದಿಡುವೆವು. ಮಲೆನಾಡಿನ ಬೇಸಾಯದಲ್ಲಿ ಮುಯ್ಯಾಳಿನ ಪದ್ಧತಿಯುಂಟು: ಇಂದು ನಿನ್ನ ಗದ್ದೆಯ ನಾಟಿಗೆ ನಾನು, ನಾಳೆ ನನ್ನ ಗದ್ದೆಗೆ ನೀನು. ಕೂಲಿಯ ಲೆಕ್ಕ ಬರೆದಿಡುವವರಿಲ್ಲ. ಬಂದವನ ಮುಖವೇ ಲೆಕ್ಕ. ಹೀಗೆ ಬದುಕುವವರಿಗೆ ಓಲ್ಸನ್ನರ ಒಂಟಿ ಲೆಕ್ಕಿಗನಂತೆ ಯೋಚಿಸುವುದು ಸುಲಭವಲ್ಲ. ನೆರೆಯವನು ಗದ್ದೆಗೆ ಇಳಿದು ಪೊಲೀಸರ ಕೈಗೆ ಸಿಕ್ಕಿದ ದಿನ ಮನೆಯಲ್ಲಿ ಉಳಿದವನು, ಮುಂದಿನ ನಾಟಿಗೆ ಅವನ ಮನೆಯ ಬಾಗಿಲಿನಲ್ಲಿ ಹೇಗೆ ನಿಲ್ಲುವನು? ಇದನ್ನು ಕೇವಲ ಹೆದರಿಕೆಯೆನ್ನಲಾಗದು, ಕೇವಲ ಆದರ್ಶವೆನ್ನಲೂ ಆಗದು. ಕೊಳಗದ ಅನ್ಯಾಯ ಎಲ್ಲರ ಎದೆಯಲ್ಲಿ ಇದ್ದಿತು. ಅದನ್ನು ಹೊರಗೆ ತಂದುದು ಬಹುಶಃ ಈ ಕೊಟ್ಟುಕೊಳ್ಳುವ ಋಣ.

ಹೀಗೆಂದ ಮಾತ್ರಕ್ಕೆ ಧ್ಯೇಯಕ್ಕೆ ಬೆಲೆಯಿಲ್ಲವೆಂದು ನಾವು ಹೇಳಿದಂತಾಗದು. ಅನ್ಯಾಯದ ಅರಿವಿಲ್ಲದೆ ಎಷ್ಟು ಮಂದಿ ಮಿತ್ರರಿದ್ದರೂ ಯಾರೂ ಸೆರೆಮನೆಗೆ ಹೋಗರು. ಮಿಸಿಸಿಪಿಗೆ ಅರ್ಜಿ ಹಾಕಿದವರೆಲ್ಲರೂ ಮೊದಲೇ ಮನಸ್ಸು ಮಾಡಿದ್ದವರೆಂಬುದನ್ನೂ ಮರೆಯಲಾಗದು. ಮತ್ತು, ಬಂಧಗಳು ಒಂದೇ ದಿಕ್ಕಿಗೆ ಎಳೆಯುವುವೆಂದು ತಿಳಿಯಬಾರದು. ಮಿಸಿಸಿಪಿಗೆ ಹೊರಟ ಮಗಳನ್ನು ತಡೆದ ತಾಯಿಯ ಕೈಯೂ ಒಂದು ಬಂಧವೇ. ಒಡೆಯರ ಮನೆಯ ಸಾಲ, ಕಷ್ಟಕಾಲದಲ್ಲಿ ದೊರೆತ ಮೂರು ಮೂಟೆ ಭತ್ತ, ಮದುವೆಗೆ ಸಿಕ್ಕ ನೆರವು, ಇವು ಎಂತಹ ಗೇಣಿದಾರನನ್ನೂ ಕಟ್ಟಿಹಾಕಬಲ್ಲವು. ಮನೆಯಲ್ಲಿ ಉಳಿದವನಿಗೆ ನೋವು ಕಡಮೆಯೆಂದಲ್ಲ. ಎಷ್ಟೋ ವೇಳೆ ಅವನು ಇನ್ನೊಂದು ಕಡೆಗೆ ಹೆಚ್ಚು ಬಿಗಿಯಾಗಿ ಕಟ್ಟಲ್ಪಟ್ಟವನು. ಅವನನ್ನು ಹೇಡಿಯೆನ್ನುವ ಮುಂದಾಳು, ಅವನ ಬಾಗಿಲಿಗೆ ಯಾರನ್ನು ಕಳುಹಿಸಿದ್ದೆನೆಂದು ತನ್ನನ್ನೇ ಕೇಳಿಕೊಳ್ಳುವುದು ಮೇಲು. ಸಭೆಯ ಭಾಷಣಕ್ಕೂ ಕರಪತ್ರಕ್ಕೂ ಚಳವಳಿಗಾರರು ವ್ಯಯಿಸುವ ಶ್ರಮದ ಒಂದು ಪಾಲನ್ನು ಸಂಜೆಯ ಹೊತ್ತು ಜಗಲಿಯ ಮೇಲಿನ ಮಾತುಕತೆಗೆ ಮೀಸಲಿಟ್ಟರೆ ಫಲ ಹೆಚ್ಚೆಂದು ಹೇಳಲು ಈ ಅಧ್ಯಯನಗಳು ಸಾಕು.

ನಮ್ಮ ನಾಡಿನ ಚಳವಳಿಗಳನ್ನು ಅಭ್ಯಾಸಮಾಡುವ ವಿದ್ಯಾರ್ಥಿಗಳಿಗೆ ಇಲ್ಲಿ ಒಂದು ತೊಡಕು ಎದುರಾಗುವುದು. ಪೊಲೀಸರ ಮತ್ತು ಸೆರೆಮನೆಯ ದಾಖಲೆಗಳಲ್ಲಿ ಬಂದವರ ಹೆಸರುಗಳು ಮಾತ್ರ ಇರುವುವು. ಉಳಿದವರನ್ನು ಯಾವ ಗುಮಾಸ್ತನೂ ಬರೆದಿಡಲಿಲ್ಲ. ಮಿಸಿಸಿಪಿಯ ಅರ್ಜಿಗಳಂತಹ ಸಾಮಗ್ರಿ ನಮ್ಮಲ್ಲಿ ದೊರೆಯುವ ಸಂಭವ ಕಡಮೆ. ಆದುದರಿಂದ ಕೇರಿಗಳಿಗೆ ಹೋಗಿ ವೃದ್ಧರನ್ನೂ ಅವರ ಮಕ್ಕಳನ್ನೂ ಕೇಳುವುದೊಂದೇ ದಾರಿ. ಕೇಳುವಾಗ, ನೀವು ಏಕೆ ಹೋದಿರಿ ಎಂದು ಆರಂಭಿಸಿದರೆ ದೊರೆಯುವುದು ಸಾಮಾನ್ಯವಾಗಿ ಅನಂತರದ ವರ್ಷಗಳಲ್ಲಿ ಭಾಷಣಗಳಿಂದ ಕಲಿತ ಉತ್ತರ. ಆ ಬೆಳಿಗ್ಗೆ ಯಾರು ಬಂದು ಕರೆದರು, ದಾರಿಯಲ್ಲಿ ಜೊತೆಗೆ ಯಾರಿದ್ದರು, ಪಕ್ಕದ ಮನೆಯವರು ಬಂದರೇ, ಬಾರದಿದ್ದರೆ ಅವರ ಮನೆಯ ನಾಟಿಗೆ ಆ ವರ್ಷ ಯಾರು ಹೋದರು ಎಂದು ಕೇಳತಕ್ಕದ್ದು.