ಅಂಚಿನಲ್ಲಿ ಅಡಗಿದ ಕಿಡಿ

ಮಡಕಶಿರಾ ಕಡೆಯ ಹಿರಿಯರೊಬ್ಬರ ಅಂಗೈ ಮೇಲೆ, ರೈಫಲ್ ಕ್ಲಬ್ಬಿನಿಂದ ತಂದಿದ್ದ ಖಾಲಿ ತೋಟೆಯೊಂದನ್ನು ಇಟ್ಟೆ. ಬೆಳೆ ಕಾಯಲೆಂದು ಲೈಸೆನ್ಸಿನ ಕೇಪಿನ ಕೋವಿ ಇಟ್ಟುಕೊಂಡೇ ವಯಸ್ಸು ಕಳೆದವರು. ಹಿಂದೆ ಮುಂದೆ ತಿರುಗಿಸಿ ನೋಡಿ, “ಇದಕ್ಕೆ ಕೇಪು ಎಲ್ಲೈತಪ್ಪಾ?” ಅಂದರು.

ಸರಿಯಾದ ಪ್ರಶ್ನೆ. ದೊಡ್ಡ ರೈಫಲಿನ ತೋಟೆಯಾದರೆ ತಳದ ನಟ್ಟನಡುವೆ ಬೊಟ್ಟಿಟ್ಟ ಹಾಗೆ ಕೇಪು ಕಾಣುತ್ತದೆ. ನಾನು ತಂದಿದ್ದ ಪಾಯಿಂಟ್ ಟೂ ಟೂ ತೋಟೆಯ ತಳ ಬೋಳು. ಅದರ ಹಿತ್ತಾಳೆ ತಗಡನ್ನು ತಳದ ಸುತ್ತ ಮಡಿಸಿ ಅಂಚು ತೆಗೆದಿರುತ್ತಾರೆ. ಮಡಿಕೆಯೊಳಗಿನ ಟೊಳ್ಳಿಗೆ ಹಸಿ ಸಿಡಿಮದ್ದು ಹಾಕಿ ಗಿರ್ರನೆ ತಿರುಗಿಸಿದರೆ ಅದು ಅಂಚಿನುದ್ದಕ್ಕೂ ಹರಡಿ ಕೂರುತ್ತದೆ. ಟ್ರಿಗರ್ ಎಳೆದಾಗ ರೈಫಲಿನೊಳಗಿನ ಮೊಳೆ ಈ ಅಂಚನ್ನು ನಳಿಗೆಯ ಹಿಂಬಾಯಿಗೆ ಒತ್ತಿ ಜಜ್ಜುತ್ತದೆ, ಕಿಡಿ ಹಾರುತ್ತದೆ. ಅಂಚೇ ಕೇಪು. ರಿಮ್‌ಫೈರ್ ಎಂಬ ಹೆಸರೂ ಅದಕ್ಕೇ ಬಂದದ್ದು.

1845ರಲ್ಲಿ ಪ್ಯಾರಿಸ್ಸಿನ ಫ್ಲೋಬರ್ ಎಂಬಾತ ಕೇಪಿನ ಬಾಯಿಗೇ ಪುಟ್ಟ ಗುಂಡು ಕೂರಿಸಿ, ಮನೆಯ ಹಜಾರದಲ್ಲಿ ಗುರಿ ಹೊಡೆಯುವ ಆಟಕ್ಕೆ ದಾರಿ ಮಾಡಿದ. 1857ರಲ್ಲಿ ಸ್ಮಿತ್ ಆ್ಯಂಡ್ ವೆಸನ್ ಕಂಪನಿ ಅದನ್ನು ಉದ್ದ ಮಾಡಿ ಒಳಗೆ ಮದ್ದು ತುಂಬಿತು. ಇವತ್ತು ಜಗತ್ತೆಲ್ಲ ಬಳಸುವ ‘ಲಾಂಗ್ ರೈಫಲ್’ ತೋಟೆ 1887ರದ್ದು, ಅಮೆರಿಕದ ಸ್ಟೀವನ್ಸ್ ಕಂಪನಿಯದ್ದು. ನಮ್ಮ ಎನ್‌ಸಿಸಿ ಹುಡುಗ ಹುಡುಗಿಯರು ಮಲಗಿ ಹೊಡೆಯುವುದೂ ಇದನ್ನೇ.

ಮೊಳೆಗೆ ಜಜ್ಜಲು ಸಿಗಬೇಕಾದರೆ ಅಂಚು ತೆಳ್ಳಗಿರಬೇಕು. ತೆಳ್ಳಗಿದ್ದರೆ ಹೆಚ್ಚು ಒತ್ತಡ ತಾಳುವುದಿಲ್ಲ. ಹಾಗಾಗಿ ಚಿಟಿಕೆ ಮದ್ದು, 2.6 ಗ್ರಾಮಿನ ಸೀಸದ ಗುಂಡು, ಸೆಕೆಂಡಿಗೆ 320ರಿಂದ 380 ಮೀಟರ್ ವೇಗ. ಸೈನ್ಯದ ಇನ್ಸಾಸ್ ರೈಫಲಿನ ಗುಂಡೂ ಹೆಚ್ಚುಕಡಿಮೆ ಇಷ್ಟೇ ದಪ್ಪ, ಆದರೆ ಅದು ಸುಮಾರು 900 ಮೀಟರ್ ವೇಗದಲ್ಲಿ ಹೊರಡುತ್ತದೆ. ಪಾಯಿಂಟ್ ಟೂ ಟೂ ಭುಜಕ್ಕೆ ಒದೆಯದಿರುವುದೂ, ಅಗ್ಗವಾಗಿರುವುದೂ, ಹೊಸಬರ ಕೈಗೆ ಮೊದಲು ಬರುವುದೂ ಈ ತೆಳು ಅಂಚಿನಿಂದಲೇ. ಅದರ ದೋಷವೂ ಅಲ್ಲೇ ಇದೆ. ಸಿಡಿಮದ್ದು ಒಂದು ಕಡೆ ವಿರಳವಾಗಿದ್ದು ಮೊಳೆ ಅಲ್ಲಿಗೇ ಬಿದ್ದರೆ ತೋಟೆ ಹುಸಿ ಹೋಗುತ್ತದೆ. ಆಗ ನಳಿಗೆಯನ್ನು ಗುರಿಯ ಕಡೆಗೇ ಹಿಡಿದು ಅರ್ಧ ನಿಮಿಷವಾದರೂ ಕಾಯಬೇಕು. ತಡವಾಗಿ ಸಿಡಿಯುವ ತೋಟೆಗಳೂ ಉಂಟು.

ರೈಫಲ್ ಆರಿಸುವವರು ಸಾಮಾನ್ಯವಾಗಿ ಉದ್ದ ನಳಿಗೆ ಕಂಡು ಮರುಳಾಗುತ್ತಾರೆ. ಚಿಟಿಕೆ ಮದ್ದು ಸುಮಾರು 40 ಸೆಂಟಿಮೀಟರಿನೊಳಗೇ ಉರಿದು ಮುಗಿಯುತ್ತದೆ. ಆಮೇಲೆ ನಳಿಗೆ ಎಷ್ಟು ಉದ್ದವಿದ್ದರೂ ವೇಗಕ್ಕೆ ಲಾಭವಿಲ್ಲ. ಉದ್ದ ನಳಿಗೆಯಿಂದ ಹಿಂದಿನ ಮುಂದಿನ ಗುರಿಕಣ್ಣುಗಳ ನಡುವಿನ ಅಂತರ ಹೆಚ್ಚುತ್ತದೆ, ಗುರಿ ಹಿಡಿಯುವುದು ಹದವಾಗುತ್ತದೆ, ಅಷ್ಟೆ. ಬೋಲ್ಟನ್ನು ಕೈಯಿಂದಲೇ ಎಳೆದು ತಳ್ಳುವ ರೈಫಲೇ ಅಭ್ಯಾಸಕ್ಕೆ ಮೇಲು, ಒಂದೊಂದು ಗುಂಡಿಗೂ ಉಸಿರು ಹಿಡಿಯುವ ಶಿಸ್ತು ಬರುತ್ತದೆ. ಹಿಂದಿನ ಕಟ್ಟಿಗೆ ಭುಜಕ್ಕೂ ಕೆನ್ನೆಗೂ ಒಗ್ಗಬೇಕು. ಇನ್ನುಳಿದ ಹಣ ತೋಟೆಗಿರಲಿ.

ಏಕೆಂದರೆ ನಿಜವಾದ ಆಯ್ಕೆ ಇರುವುದು ತೋಟೆಯಲ್ಲಿ. ರಾಯದುರ್ಗದ ಸೀಮೆಯವರಿಗೆ ಇದನ್ನು ಗಾಳಿಯ ಲೆಕ್ಕದಲ್ಲೇ ಹೇಳಬೇಕು. ಮಳೆ ಕೊಡದೆ ಗಾಳಿ ಮಾತ್ರ ಕೊಟ್ಟು ಹೋಗುವ ಆಷಾಢ ಅಲ್ಲಿಯದು. ಹಗರಿಯ ಪಾತ್ರದಿಂದ ಮರಳು ಹಾರಿ ಹಾರಿ ದರ್ಗಾ ಹೊನ್ನೂರಿನ ಬಳಿ ದಿಬ್ಬಗಳೇ ಎದ್ದಿವೆ. ಇಂಥ ಗಾಳಿಯಲ್ಲಿ ವೇಗದ ಗುಂಡೇ ಒಳ್ಳೆಯದು, ಬೇಗ ಮುಟ್ಟಿದಷ್ಟೂ ಗಾಳಿಗೆ ಕಡಿಮೆ ಸಿಕ್ಕೀತು ಎಂದು ಯಾರಿಗಾದರೂ ಅನಿಸುತ್ತದೆ. ಪಾಯಿಂಟ್ ಟೂ ಟೂ ವಿಷಯದಲ್ಲಿ ಆಗುವುದು ತಿರುಗಾಮುರುಗಾ. ಗುಂಡನ್ನು ಪಕ್ಕಕ್ಕೆ ಸರಿಸುವುದು ಅದು ಗಾಳಿಯಲ್ಲಿದ್ದ ಹೊತ್ತು ಅಲ್ಲ, ದಾರಿಯಲ್ಲಿ ವೇಗ ಕಳೆದುಕೊಂಡು ತಡಮಾಡಿದ ಹೊತ್ತು. ಶಬ್ದದ ವೇಗದ ಆಚೀಚೆ ಗಾಳಿಯ ತಡೆ ಏಕಾಏಕಿ ಏರುತ್ತದೆ. 380ರಲ್ಲಿ ಹೊರಟ ಗುಂಡು ಆ ಗಡಿಯನ್ನು ಮೇಲಿನಿಂದ ಕೆಳಕ್ಕೆ ದಾಟುತ್ತಾ ಬಹಳ ವೇಗ ಚೆಲ್ಲಿಕೊಳ್ಳುತ್ತದೆ. 325ರಲ್ಲಿ ಹೊರಟದ್ದು ಗಡಿಯ ಕೆಳಗೇ ಇರುವುದರಿಂದ ಬಚಾವು. ಗಂಟೆಗೆ 16 ಕಿ.ಮೀ. ಅಡ್ಡಗಾಳಿಯಿದ್ದರೆ 50 ಮೀಟರಿನಲ್ಲಿ ನಿಧಾನದ ಗುಂಡು ಸುಮಾರು 3 ಸೆಂ.ಮೀ. ಸರಿಯುತ್ತದೆ, ವೇಗದ್ದು ಸುಮಾರು 4 ಸೆಂ.ಮೀ. ಸ್ಪರ್ಧೆಯ ಗುರಿಹಾಳೆಯಲ್ಲಿ ಹತ್ತು ಅಂಕದ ವೃತ್ತದ ಅಗಲ ಬರೀ 10.4 ಮಿ.ಮೀ.! 2024ರಲ್ಲಿ ಕೊಲ್ಹಾಪುರದ ಸ್ವಪ್ನಿಲ್ ಕುಸಾಳೆ ಪ್ಯಾರಿಸ್ ಒಲಿಂಪಿಕ್ಸಿನ ಕಂಚು ಗೆದ್ದದ್ದು ಈ 50 ಮೀಟರಿನಲ್ಲೇ.

ಶಬ್ದದ ವೇಗವೂ ಒಂದೇ ಕಡೆ ನಿಲ್ಲುವ ಗಡಿಯಲ್ಲ. 15 ಡಿಗ್ರಿಯ ಚಳಿಗಾಲದ ಬೆಳಗ್ಗೆ ಸೆಕೆಂಡಿಗೆ 340 ಮೀಟರ್, 40 ಡಿಗ್ರಿಯ ಬೇಸಿಗೆ ಮಧ್ಯಾಹ್ನ 355. ಅಂದರೆ 345ರಲ್ಲಿ ಹೊರಟ ಗುಂಡು ಪುಷ್ಯದಲ್ಲಿ ಶಬ್ದವನ್ನು ಮೀರುತ್ತದೆ, ಅದೇ ವೇಗದಲ್ಲಿ ಹೊರಟದ್ದು ವೈಶಾಖದಲ್ಲಿ ಮೀರುವುದಿಲ್ಲ. ಬಿಸಿಲಿಗೆ ಮದ್ದೂ ಚುರುಕಾಗಿ ಲೆಕ್ಕ ತುಸು ಕಲಸುತ್ತದೆ ಅನ್ನಿ. ಪಳಗಿದವರು ನಿಧಾನದ ತೋಟೆಗಳನ್ನೇ ನಾಲ್ಕಾರು ಬಗೆ ತಂದು, ಒಂದೊಂದರಲ್ಲೂ ಐದೈದು ಹೊಡೆದು, ತೂತುಗಳು ಎಷ್ಟು ಹತ್ತಿರ ಬಿದ್ದವೆಂದು ಅಳೆದು, ತಮ್ಮ ನಳಿಗೆಗೆ ಒಗ್ಗಿದ್ದನ್ನು ಅದೇ ಬ್ಯಾಚಿನಲ್ಲಿ ಕೊಳ್ಳುತ್ತಾರೆ.

ಸಣ್ಣ ಬೇಟೆಯ ಮಾತು ಚಿಕ್ಕದು. 1972ರ ವನ್ಯಜೀವಿ ಕಾಯಿದೆಯಲ್ಲಿ ಸಣ್ಣ ಬೇಟೆಗೆಂದೇ ಒಂದು ಲೈಸೆನ್ಸು ಇತ್ತು. 1991ರ ತಿದ್ದುಪಡಿ ಅದನ್ನು ಕಿತ್ತುಹಾಕಿತು. ಹೊಸತೊಡಕಿನ ದಿನ ಮೊಲ, ಕೌಜುಗಗಳ ಹಿಂದೆ ಬೀಳುವುದು ಸಂಪ್ರದಾಯವೆಂದು ಎಷ್ಟೇ ವಾದಿಸಿದರೂ ಈಗ ಅದು ಅಪರಾಧ. ಆ ಚಪಲಕ್ಕೆ ಕೊಡಗಿನವರ ದಾರಿ ನನಗಿಷ್ಟ: ಕೈಲ್ ಪೊಳ್ದ್ ಹಬ್ಬದ ಹೊತ್ತಿಗೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ. ಕೊಡವರಿಗೆ ಕೋವಿ ಲೈಸೆನ್ಸಿನಿಂದ ವಿನಾಯಿತಿ ಇದೆ. ನಮಗೆ ನಿಮಗೆ ಜಿಲ್ಲಾಧಿಕಾರಿಯ ಲೈಸೆನ್ಸು ಬೇಕು, ಗುರಿ ಹೊಡೆಯಲು ಕ್ಲಬ್ಬೇ ಬೇಕು.

ಹೊಲದ ಬದುವಿನಲ್ಲಿ ಹಾಳೆ ಅಂಟಿಸಿ ಹೊಡೆದರೇನು ಎನ್ನುವವರು ಸುತ್ತಲಿನ ಬಂಡೆಗಳನ್ನು ಒಮ್ಮೆ ನೋಡಲಿ. ಮೆತ್ತನೆ ಸೀಸ, ಸಾಧಾರಣ ವೇಗ. ಕರಿಕಲ್ಲಿಗೆ ಓರೆಯಾಗಿ ತಾಗಿದರೆ ಗುಂಡು ಪುಟಿದು ಎತ್ತಲೋ ಹೋಗುತ್ತದೆ. ಪುಟಿಯದೆ ಹೋದರೂ ಒಂದೂವರೆ ಕಿಲೋಮೀಟರಿನ ಆಚೆಗೆ ಬೀಳಬಲ್ಲದು. ಮಡಕಶಿರಾ ಗಡಿಗೆ ತಾಗಿದ ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯಲ್ಲಿ ಕೃಷ್ಣಮೃಗಗಳ ಮೀಸಲು ಪ್ರದೇಶವಿದೆ, ಕುರಿ ಮೇಯಿಸುವವರು ಎಲ್ಲೆಲ್ಲೂ ಇದ್ದಾರೆ. ಗುರಿಯ ಹಿಂದೆ ಎತ್ತರದ ಮಣ್ಣಿನ ದಿಬ್ಬವೇ ಬೇಕು.

ಹಿರಿಯರಿಗೆ ಅಂಚಿನ ಮೇಲಿನ ಜಜ್ಜುಗಾಯ ತೋರಿಸಿದೆ. ಉಗುರಿನಿಂದ ತಡವಿ ಒಪ್ಪಿದರು. “ತಿರುಗಾ ತುಂಬೋದು ಹೆಂಗೆ?” ಎಂದರು. ಅಂಚು ಒಮ್ಮೆ ಜಜ್ಜಿಹೋದ ಮೇಲೆ ಅದಕ್ಕೆ ಮತ್ತೆ ಸಿಡಿಮದ್ದು ಕೂರಿಸುವ ಹಾಗಿಲ್ಲ, ಬಿಸಾಡಬೇಕು ಎಂದೆ. ಚರೆ, ಮದ್ದು, ಬತ್ತಿಬಟ್ಟೆಯನ್ನೆಲ್ಲ ಪೈಸೆ ಪೈಸೆ ಲೆಕ್ಕದಲ್ಲಿ ಬಳಸಿದ ಮನುಷ್ಯ. ತೋಟೆಯನ್ನು ನನ್ನ ಕೈಗೆ ವಾಪಸ್ಸು ಹಾಕಿ, “ಹಿತ್ತಾಳೆ ಅಲ್ವೇನಪ್ಪಾ ಇದು?” ಅಂದರು.